ಸವಣೂರಿನಿಂದ ಆಕ್ಸ್‌ಫರ್ಡ್‌ವರೆಗೆ: ಗೋಕಾಕರು ವಿದ್ಯಾರ್ಥಿಯಾಗಿ ಕಳೆದ ಎರಡು ವರ್ಷ

ಧಾರವಾಡ: ಹುಬ್ಬಳ್ಳಿ-ಧಾರವಾಡದ ಹುಡುಗನೋ ಹುಡುಗಿಯೋ ಒಂದು ಸೆಮಿಸ್ಟರ್ ಓದಿಗಾಗಿ ವಿದೇಶಕ್ಕೆ ಹೊರಟರೆ ಇಂದು ಅದು ಓಣಿಯ ಸುದ್ದಿಯೂ ಆಗುವುದಿಲ್ಲ. ಬೆಳಿಗ್ಗೆ ಇಲ್ಲಿಂದ ಹೊರಟವರು ಮರುದಿನ ಯುರೋಪಿನಲ್ಲಿ ಇಳಿದು ಮನೆಯವರಿಗೆ ಮುಖ ತೋರಿಸಿ ಮಾತನಾಡುತ್ತಾರೆ. ತೊಂಬತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ಹಡಗು ಹತ್ತಿದವರ ಕ್ಷೇಮವಾರ್ತೆ ಊರು ಮುಟ್ಟಲು ವಾರಗಳೇ ಬೇಕಾಗುತ್ತಿದ್ದವು. ಹೋದವರು ಹೇಗೆ ಮರಳುವರೋ, ಮರಳಿದಾಗ ತಮ್ಮವರಾಗಿ ಉಳಿದಿರುವರೋ ಎಂಬ ಆತಂಕವೂ ಮನೆಮಂದಿಗೆ ಇರುತ್ತಿತ್ತು. ಅಂಥ ಕಾಲದಲ್ಲಿ, 1936ರಲ್ಲಿ, ಇಂಗ್ಲಿಷ್ ಸಾಹಿತ್ಯವನ್ನು ಇಂಗ್ಲೆಂಡಿನಲ್ಲಿಯೇ ಓದಲು ಹೊರಟವರು ವಿನಾಯಕ ಕೃಷ್ಣ ಗೋಕಾಕರು. ಎರಡು ವರ್ಷಗಳ ಆ ವಾಸದಿಂದ ಅವರು ತಂದದ್ದು ಒಂದು ಪದವಿ. ಕನ್ನಡಕ್ಕೆ ದೊರೆತದ್ದು ಅದಕ್ಕಿಂತ ಬಹಳ ಹೆಚ್ಚು.

ಗೋಕಾಕರು ಹುಟ್ಟಿದ್ದು 1909ರ ಆಗಸ್ಟ್ 9ರಂದು, ಸವಣೂರಿನಲ್ಲಿ. ಇಂದು ಹಾವೇರಿ ಜಿಲ್ಲೆಗೆ ಸೇರಿದ ಸವಣೂರು ಆಗ ನವಾಬರ ಪುಟ್ಟ ಸಂಸ್ಥಾನ. ವೀಳ್ಯದೆಲೆಗೂ ಖಾರಕ್ಕೂ ಹೆಸರಾದ ಊರು. ಅಲ್ಲಿನ ದೊಡ್ಡಹುಣಸೆ ಮಠದ ಆವರಣದಲ್ಲಿರುವ ಮೂರು ಬೃಹದ್ವೃಕ್ಷಗಳನ್ನು ಕಂಡವರು ಬಲ್ಲರು: ಜನ ಹುಣಸೆಯೆಂದು ಕರೆಯುವ ಆ ಮರಗಳು ನಿಜವಾಗಿ ಆಫ್ರಿಕಾ ಖಂಡದ ಬಾವೊಬಾಬ್‌ಗಳು. ಸಮುದ್ರ ದಾಟಿ ಬಂದದ್ದು ಬಯಲುಸೀಮೆಯ ನೆಲದಲ್ಲಿ ಬೇರೂರಿ, ಸ್ಥಳೀಯ ಹೆಸರನ್ನೇ ಪಡೆದು ಬೆಳೆದು ನಿಂತ ಉದಾಹರಣೆ ಅವರ ಹುಟ್ಟೂರಿನಲ್ಲಿಯೇ ಇತ್ತು.

ಸವಣೂರಿನ ಶಾಲೆಯಿಂದ ಅವರು ಬಂದದ್ದು ಧಾರವಾಡದ ಕರ್ನಾಟಕ ಕಾಲೇಜಿಗೆ. 1917ರಲ್ಲಿ ಆರಂಭವಾದ ಈ ಕಾಲೇಜು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಅದು ನೆಲೆಗೊಂಡದ್ದು ಸದರ್ನ್ ಮರಾಠಾ ರೇಲ್ವೆ ಕಂಪನಿಯ ಕಚೇರಿಯಾಗಿದ್ದ ಕಟ್ಟಡದಲ್ಲಿ. ಅದಕ್ಕೆ ಮೊದಲು ಉತ್ತರ ಕರ್ನಾಟಕದ ಹುಡುಗರು ಪದವಿ ಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಕಲಿಕೆ ಇಂಗ್ಲಿಷಿನಲ್ಲಿ, ಸರಕಾರಿ ವ್ಯವಹಾರ ಇಂಗ್ಲಿಷ್-ಮರಾಠಿಗಳಲ್ಲಿ. ಕನ್ನಡ ಮನೆಯ ಮಾತಾಗಿ, ಕೆಲವು ಹಟವಾದಿಗಳ ಕನಸಾಗಿ ಉಳಿದಿತ್ತು.

ಆ ಹಟವಾದಿಗಳಲ್ಲಿ ಒಬ್ಬರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಅವರ ಸುತ್ತ ಕೂಡಿದ ಗೆಳೆಯರ ಗುಂಪು ಧಾರವಾಡದ ಸಾಹಿತ್ಯಚರಿತ್ರೆಯ ಒಂದು ಅಧ್ಯಾಯವೇ ಆಗಿದೆ. ಕಾಲೇಜು ವಿದ್ಯಾರ್ಥಿ ಗೋಕಾಕರು ಆಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಶೆಲ್ಲಿ, ವರ್ಡ್ಸ್‌ವರ್ತ್, ಕೀಟ್ಸರನ್ನು ಓದಿದ ಜಾಣ ಹುಡುಗರೆಲ್ಲ ಆ ಕಾಲದಲ್ಲಿ ಮಾಡುತ್ತಿದ್ದದ್ದೂ ಅದನ್ನೇ. ಅವರನ್ನು ಕನ್ನಡಕ್ಕೆ ತಿರುಗಿಸಿದವರು ಬೇಂದ್ರೆ. ಪರೀಕ್ಷೆಯ ಭಾಷೆಯಲ್ಲಿ ಎಷ್ಟೇ ಪಳಗಿದರೂ ಕಾವ್ಯದ ಬೇರು ತಾಯ್ನುಡಿಯಲ್ಲಿದೆ ಎಂಬ ತಿಳಿವು ಗೋಕಾಕರಿಗೆ ಬಂದದ್ದು ತರಗತಿಯಲ್ಲಲ್ಲ, ಈ ಗೆಳೆತನದಲ್ಲಿ. ಬೇಂದ್ರೆಯವರನ್ನು ಕಾವ್ಯಗುರುವೆಂದು ಅವರು ಜೀವನದುದ್ದಕ್ಕೂ ನೆನೆದರು. ವಿನಾಯಕ ಎಂಬ ಕಾವ್ಯನಾಮದಲ್ಲಿ ಅವರ ಮೊದಲ ಸಂಕಲನ ಕಲೋಪಾಸಕ 1934ರಲ್ಲಿ ಹೊರಬಂದಿತು.

ಇತ್ತ ಎಂ.ಎ. ಮುಗಿಸಿ 1931ರಲ್ಲಿಯೇ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಹೀಗಾಗಿ ಒಂದು ವಿಚಿತ್ರ ಇಬ್ಬಂದಿ ಅವರ ಬದುಕಿನಲ್ಲಿ ಮೊದಲಿನಿಂದಲೂ ನೆಲೆಸಿತು. ಹಗಲಿನ ವೃತ್ತಿ ಇಂಗ್ಲಿಷ್, ಒಳಗಿನ ಪ್ರವೃತ್ತಿ ಕನ್ನಡ. ಇರುವ ಊರು ಮರಾಠಿ. ಈ ಮೂರನ್ನೂ ಒಟ್ಟಿಗೆ ಹೊತ್ತು ನಡೆದವರು ಅವರೊಬ್ಬರೇ ಅಲ್ಲ. ಆದರೆ ಇದರ ಫಲವನ್ನೂ ಇದರ ಭಾರವನ್ನೂ ಅವರಷ್ಟು ಕಂಡವರು ವಿರಳ.

ಹಡಗು ಹತ್ತಿದ ಅಧ್ಯಾಪಕ

ಫರ್ಗ್ಯುಸನ್ ಕಾಲೇಜನ್ನು ನಡೆಸುತ್ತಿದ್ದ ಡೆಕ್ಕನ್ ಎಜುಕೇಶನ್ ಸೊಸೈಟಿಯು 1936ರಲ್ಲಿ ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಆಕ್ಸ್‌ಫರ್ಡ್‌ಗೆ ಕಳುಹಿಸಿತು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಐದು ವರ್ಷ ಪಾಠ ಹೇಳಿದ ಮೇಲೆ ಮತ್ತೆ ವಿದ್ಯಾರ್ಥಿಯಾಗುವುದು ಹೇಳಿದಷ್ಟು ಸುಲಭವಲ್ಲ. ತಾನು ತಿದ್ದುತ್ತಿದ್ದ ಪ್ರಬಂಧಗಳನ್ನು ಈಗ ತಾನೇ ಬರೆದು ಇನ್ನೊಬ್ಬರಿಂದ ತಿದ್ದಿಸಿಕೊಳ್ಳಬೇಕು.

ಧಾರವಾಡದ ಮಟ್ಟಿಗೆ ಈ ಹಾದಿ ಪೂರ್ತಿ ಹೊಸದೇನೂ ಆಗಿರಲಿಲ್ಲ. ಮುಂದೆ ಶ್ರೀರಂಗರೆಂದು ನಾಡಿಗೆಲ್ಲ ಪರಿಚಿತರಾದ ಆದ್ಯ ರಂಗಾಚಾರ್ಯರು ಲಂಡನ್ನಿನಲ್ಲಿ ಓದಿ 1928ರ ಹೊತ್ತಿಗೆ ಮರಳಿ, ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದರು. ಗೋಕಾಕ ತಾಲೂಕಿನ ಮಮದಾಪುರದ ದಾದಪ್ಪ ಚಿಂತಪ್ಪ ಪಾವಟೆಯವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಎನಿಸಿಕೊಂಡು ಬಂದಿದ್ದರು. ಸಂಸ್ಕೃತವನ್ನು ಲಂಡನ್ನಿನಲ್ಲಿ ಓದುವುದರಲ್ಲಿ ಒಂದು ವ್ಯಂಗ್ಯವಿದೆ, ಅದು ಶ್ರೀರಂಗರ ನಾಟಕಗಳಿಗೆ ಒಪ್ಪುವಂಥದು. ಗಣಿತಕ್ಕೆ ದೇಶವಿಲ್ಲ. ಆದರೆ ಗೋಕಾಕರ ವಿಷಯ ಇಂಗ್ಲಿಷ್ ಸಾಹಿತ್ಯ. ಆಳುವವರ ಭಾಷೆಯನ್ನು ಆಳುವವರ ಮನೆಯಂಗಳದಲ್ಲಿಯೇ, ಅವರ ಮಕ್ಕಳೊಂದಿಗೆ ಸರಿಸಮನಾಗಿ ಕುಳಿತು ಪರೀಕ್ಷೆಗೆ ಒಡ್ಡಿಕೊಳ್ಳುವ ಸಾಹಸ ಅದು. ಅಲ್ಲಿ ಸೋತು ಬಂದರೆ, ವಿಲಾಯತಿಗೆ ಹೋಗಿ ಬಂದ ಪ್ರಾಧ್ಯಾಪಕನೆಂಬ ಬಿರುದು ಉಳಿದರೂ ಮಾನ ಉಳಿಯುತ್ತಿರಲಿಲ್ಲ.

ಆಗಿನ ಪ್ರಯಾಣದ ದಾರಿ ಎಲ್ಲರಿಗೂ ಒಂದೇ. ಮುಂಬಯಿಯ ಬಂದರಿನಿಂದ ಅರಬ್ಬಿ ಸಮುದ್ರ ದಾಟಿ ಏಡನ್, ಅಲ್ಲಿಂದ ಕೆಂಪು ಸಮುದ್ರ, ಸುಯೆಜ್ ಕಾಲುವೆ, ಪೋರ್ಟ್ ಸೈದ್, ಆಮೇಲೆ ಮೆಡಿಟರೇನಿಯನ್. ಎರಡು-ಮೂರು ವಾರ ಸುತ್ತಲೂ ನೀರು. ಬಯಲುಸೀಮೆಯಲ್ಲಿ ಹುಟ್ಟಿದ ಕವಿಗೆ ಇದೇ ದೊಡ್ಡ ಶಾಲೆಯಾಯಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹಳಗನ್ನಡ ಮಹಾಕಾವ್ಯಗಳಲ್ಲಿ ಸಮುದ್ರವರ್ಣನೆಗೆ ಕೊರತೆಯಿಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಅದೂ ಒಂದು, ಮಹಾಕಾವ್ಯ ಬರೆಯುವವನು ತಪ್ಪಿಸಿಕೊಳ್ಳುವಂತಿರಲಿಲ್ಲ. ಹಾಗೆ ಬರೆದವರಲ್ಲಿ ಎಷ್ಟು ಮಂದಿ ಸಮುದ್ರವನ್ನು ಕಂಡಿದ್ದರೋ ಹೇಳಲಾಗದು. ಮುತ್ತು, ರತ್ನ, ಮೊಸಳೆ, ತಿಮಿಂಗಿಲ, ವಡಬಾಗ್ನಿ ಎಲ್ಲವೂ ಸಂಸ್ಕೃತ ಕಾವ್ಯಗಳಿಂದ ಬಂದ ಸಿದ್ಧ ಸರಕು. ಗೋಕಾಕರ ಎದುರಿಗಿದ್ದದ್ದು ಹಡಗಿನ ಕಟಕಟೆಗೆ ಒರಗಿ ದಿನವಿಡೀ ನೋಡಿದ ನೀರು: ಬೆಳಗಿಗೊಂದು, ಸಂಜೆಗೊಂದು ಬಣ್ಣದ್ದು, ಒಮ್ಮೆ ಸುಮ್ಮನಿದ್ದು ಒಮ್ಮೆ ರೊಚ್ಚಿಗೇಳುವಂಥದ್ದು. ಅದನ್ನು ಷಟ್ಪದಿಯಲ್ಲಿ ಹಿಡಿಯಲು ಹೋದರೆ ಹಿಡಿತಕ್ಕೆ ಸಿಗುವಂತಿರಲಿಲ್ಲ. ಅಲೆಯ ಏರಿಳಿತಕ್ಕೆ ತಕ್ಕಂತೆ ಸಾಲು ಹಿಗ್ಗಬೇಕು, ಕುಗ್ಗಬೇಕು. 1940ರಲ್ಲಿ ಪ್ರಕಟವಾದ ಸಮುದ್ರಗೀತೆಗಳು ಸಂಕಲನದಲ್ಲಿ ಅವರು ಮುಕ್ತಛಂದಸ್ಸಿಗೆ ಕೈಯಿಟ್ಟದ್ದು ಈ ಅಗತ್ಯದಿಂದ. ಕಡಲು ಕನ್ನಡ ಕವಿತೆಯೊಳಗೆ ಅನುಭವವಾಗಿ ಬಂದದ್ದು ಆ ಪುಸ್ತಕದಿಂದ ಎಂದು ವಿಮರ್ಶಕರು ಒಪ್ಪುತ್ತಾರೆ. ಕರಾವಳಿಯ ಉದ್ದಕ್ಕೂ ಕನ್ನಡ ಕವಿಗಳಿದ್ದರೂ ಈ ಕೆಲಸ ಸವಣೂರಿನವರಿಂದ ಆಗಬೇಕಾಯಿತು ಎಂಬುದು ಗಮನಿಸತಕ್ಕ ಸಂಗತಿ. ದಿನವೂ ಕಾಣುವುದನ್ನು ಮನುಷ್ಯ ಎಷ್ಟೋ ಸಲ ಕಾಣುವುದೇ ಇಲ್ಲ.

ಆಕ್ಸ್‌ಫರ್ಡಿನ ದಿನಗಳು

ಅವರು ಸೇರಿದ ಆಕ್ಸ್‌ಫರ್ಡಿನ ಪಾಠಕ್ರಮ ಮುಂಬಯಿ ವಿಶ್ವವಿದ್ಯಾಲಯದ್ದಕ್ಕಿಂತ ತೀರ ಬೇರೆ. ವರ್ಷಕ್ಕೆ ಎಂಟೆಂಟು ವಾರಗಳ ಮೂರು ಅವಧಿಗಳು. ಉಪನ್ಯಾಸಕ್ಕೆ ಹೋಗುವುದು ಬಿಡುವುದು ವಿದ್ಯಾರ್ಥಿಯ ಇಷ್ಟ. ಕಡ್ಡಾಯವಾದದ್ದು ಟ್ಯುಟೋರಿಯಲ್: ವಾರಕ್ಕೊಂದು ಪ್ರಬಂಧ ಬರೆದು, ಗುರುವಿನ ಕೋಣೆಯಲ್ಲಿ ಕುಳಿತು ತಾನೇ ಓದಿ ಹೇಳಿ, ಅವರು ಎತ್ತುವ ಪ್ರಶ್ನೆಗಳಿಗೆಲ್ಲ ಅಲ್ಲಿಯೇ ಉತ್ತರ ಕೊಡಬೇಕು. ಗೈಡ್ ಪುಸ್ತಕ ಉರು ಹೊಡೆದು ಗೆಲ್ಲುವ ವ್ಯವಸ್ಥೆ ಅದಲ್ಲ. ವರ್ಷವಿಡೀ ಅಂಕಗಳಿಲ್ಲ, ಎಲ್ಲವೂ ಕೊನೆಯ ಪರೀಕ್ಷೆಯ ಮೇಲೆ ನಿಂತದ್ದು. ಆ ಪರೀಕ್ಷೆಗೆ ಕಪ್ಪು ಉಡುಪು, ಬಿಳಿಯ ಕೊರಳಪಟ್ಟಿ, ಮೇಲೊಂದು ಗೌನು ತೊಟ್ಟು ಹೋಗಬೇಕು. ಭಾರತದ ಪದವೀಧರರಿಗೆ ಮೂರು ವರ್ಷದ ಓದನ್ನು ಎರಡರಲ್ಲಿ ಮುಗಿಸುವ ಅವಕಾಶವಿತ್ತು. ಅವಕಾಶ ಎಂದರೆ, ಇತರರು ಮೂರು ವರ್ಷದಲ್ಲಿ ಓದುವುದನ್ನು ಎರಡೇ ವರ್ಷದಲ್ಲಿ ಓದಬೇಕೆಂಬ ಕಟ್ಟೂ ಹೌದು.

ಪಠ್ಯವೂ ಕಠಿಣವೇ. 1931ರಲ್ಲಿ ಅಲ್ಲಿನ ಇಂಗ್ಲಿಷ್ ವಿಭಾಗದ ಪಾಠಪಟ್ಟಿಯನ್ನು ತಿದ್ದಲಾಗಿತ್ತು. ಜೆ.ಆರ್.ಆರ್. ಟಾಲ್ಕಿನ್ ಮತ್ತು ಸಿ.ಎಸ್. ಲೂಯಿಸ್ ಈ ತಿದ್ದುಪಡಿಯ ಮುಂಚೂಣಿಯಲ್ಲಿದ್ದವರು. ಹಳೆಯ ಇಂಗ್ಲಿಷ್, ನಡು ಇಂಗ್ಲಿಷ್‌ಗಳಿಗೆ ಅದರಲ್ಲಿ ದೊಡ್ಡ ಪಾಲು. ಸಾಹಿತ್ಯದ ಓದು 1830ರ ಸುಮಾರಿಗೆ ನಿಂತುಬಿಡುತ್ತಿತ್ತು. ಪಂಪ-ರನ್ನರ ಭಾಷೆ ಇಂದಿನ ಕನ್ನಡಿಗನಿಗೆ ಎಷ್ಟು ದೂರವೋ, ಅದಕ್ಕಿಂತ ದೂರ ಹಳೆಯ ಇಂಗ್ಲಿಷ್ ಇಂದಿನ ಇಂಗ್ಲಿಷ್‌ಗೆ. ಅಲ್ಲಿನ ಹುಡುಗರೇ ಹೊಸ ಭಾಷೆಯಂತೆ ಕಲಿಯಬೇಕಾದದ್ದು ಅದು. ಹಾಗಾಗಿ ಆ ಭಾಗದಲ್ಲಿ ಪರದೇಶಿ ವಿದ್ಯಾರ್ಥಿಯೂ ಸ್ವದೇಶಿಯೂ ಒಂದೇ ಗೆರೆಯಿಂದ ಓಟ ಆರಂಭಿಸುತ್ತಿದ್ದರು ಎನ್ನಬೇಕು.

ಪಠ್ಯ 1830ಕ್ಕೆ ನಿಂತರೂ ಊರಿನ ಪುಸ್ತಕದಂಗಡಿಗಳು ನಿಂತಿರಲಿಲ್ಲ. ಟಿ.ಎಸ್. ಎಲಿಯಟ್ ಅವರ ಅದುವರೆಗಿನ ಕವಿತೆಗಳ ಸಂಗ್ರಹ ಹೊರಬಂದದ್ದು 1936ರಲ್ಲಿ. ಯೇಟ್ಸ್ ಸಂಪಾದಿಸಿದ ಆಧುನಿಕ ಕವಿತೆಗಳ ಆಕ್ಸ್‌ಫರ್ಡ್ ಸಂಕಲನವೂ ಅದೇ ವರ್ಷದ್ದು. ಆಡನ್ ಮತ್ತು ಸ್ಪೆಂಡರ್ ಅದೇ ವಿಶ್ವವಿದ್ಯಾಲಯದಲ್ಲಿ ಓದಿ ಹೋಗಿ ಹತ್ತು ವರ್ಷವೂ ಕಳೆದಿರಲಿಲ್ಲ. ಪುಣೆಯಲ್ಲಿ ಷೆಲ್ಲಿಯ ಪಾಠ ಹೇಳಿ, ನವೋದಯದ ಉತ್ಸಾಹದಲ್ಲಿ ಕವಿತೆ ಬರೆದು ಬಂದ ತರುಣನಿಗೆ ಇಂಗ್ಲಿಷ್ ಕವಿತೆಯೇ ಬೇರೆ ದಾರಿ ಹಿಡಿದಿರುವುದು ಹತ್ತಿರದಿಂದ ಕಂಡಿತು. ನಗರ, ಯಂತ್ರ, ಬೇಸರ, ಯುದ್ಧಭೀತಿಗಳು ಕಾವ್ಯದೊಳಗೆ ನುಗ್ಗಿದ್ದವು. ಸ್ಪೇನಿನ ಅಂತರ್ಯುದ್ಧ 1936ರ ಜುಲೈಯಲ್ಲಿ ಆರಂಭವಾಗಿ ಇಂಗ್ಲೆಂಡಿನ ತರುಣರನ್ನು ಕಲಕಿತ್ತು. ಅದೇ ಡಿಸೆಂಬರಿನಲ್ಲಿ ಎಂಟನೆಯ ಎಡ್ವರ್ಡ್ ದೊರೆ ಸಿಂಹಾಸನ ತ್ಯಜಿಸಿದರು. 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯವನ್ನು ಹೊಕ್ಕಿತು. ಇತ್ತ ಭಾರತದಲ್ಲಿ 1937ರ ಚುನಾವಣೆಯ ನಂತರ ಮುಂಬಯಿ ಸೇರಿದಂತೆ ಹಲವು ಪ್ರಾಂತಗಳಲ್ಲಿ ಕಾಂಗ್ರೆಸ್ ಸರಕಾರಗಳು ಬಂದಿದ್ದವು. ಆಳುವವರ ಮನೆಯೊಳಗಿನ ಬಿರುಕುಗಳನ್ನು ಕಾಣಲು ಇದಕ್ಕಿಂತ ತಕ್ಕ ಕಾಲ ಇನ್ನೊಂದಿರಲಿಲ್ಲ.

ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಆಕ್ಸ್‌ಫರ್ಡಿನಲ್ಲಿ ಪೌರಸ್ತ್ಯ ಧರ್ಮ ಮತ್ತು ನೀತಿಶಾಸ್ತ್ರದ ಸ್ಪಾಲ್ಡಿಂಗ್ ಪ್ರಾಧ್ಯಾಪಕರಾಗಿ ನೇಮಕಗೊಂಡದ್ದೂ 1936ರಲ್ಲಿಯೇ. ಭಾರತೀಯರೊಬ್ಬರು ಅಲ್ಲಿ ಕಲಿಸುವ ಪೀಠದಲ್ಲಿ ಕುಳಿತ ವರ್ಷವೇ, ಸವಣೂರಿನವರೊಬ್ಬರು ಕಲಿಯುವ ಬೆಂಚಿನಲ್ಲಿ ಕುಳಿತರು.

ಎರಡು ವರ್ಷದ ಕೊನೆಗೆ, 1938ರಲ್ಲಿ, ಗೋಕಾಕರು ಪ್ರಥಮ ವರ್ಗದಲ್ಲಿ ತೇರ್ಗಡೆಯಾದರು. ಆಕ್ಸ್‌ಫರ್ಡಿನ ಇಂಗ್ಲಿಷ್ ಪದವಿಯಲ್ಲಿ ಪ್ರಥಮ ವರ್ಗ ಪಡೆದ ಮೊದಲ ಭಾರತೀಯರೆಂದು ಅವರ ಜೀವನಚರಿತ್ರೆಗಳು ದಾಖಲಿಸುತ್ತವೆ. ಇಂಗ್ಲಿಷ್ ಹುಡುಗರಲ್ಲಿಯೂ ಆ ವರ್ಗ ಪಡೆಯುವವರು ಕೆಲವೇ ಮಂದಿ. ಆ ದಿನಗಳಲ್ಲಿ ಇಂಥ ಫಲಿತಾಂಶಕ್ಕೆ ಕಾಲೇಜಿನ ಗೋಡೆಯಾಚೆಗೂ ಅರ್ಥವಿತ್ತು. ಭಾರತೀಯರಿಗೆ ತಮ್ಮ ಸಾಹಿತ್ಯದ ಒಳಗುಟ್ಟು ದಕ್ಕದೆಂದು ನಂಬಿದ ಬಿಳಿಯ ಪ್ರಾಧ್ಯಾಪಕರು ನಮ್ಮ ಕಾಲೇಜುಗಳಲ್ಲಿಯೇ ಇದ್ದ ಕಾಲ ಅದು.

ಈ ಪ್ರವಾಸದ ಫಲವಾಗಿ ಬಂದ ಗದ್ಯಕೃತಿ ಸಮುದ್ರದಾಚೆಯಿಂದ. ಕನ್ನಡದ ಪ್ರವಾಸ ಸಾಹಿತ್ಯವನ್ನು ಕುರಿತು ಯಾರು ಬರೆದರೂ ಆರಂಭದಲ್ಲಿಯೇ ಹೆಸರಿಸುವ ಪುಸ್ತಕಗಳಲ್ಲಿ ಅದೊಂದು. ಹಲವು ವರ್ಷ ದುಡಿದು ಬರೆದ ಬೃಹತ್ ಕಾದಂಬರಿ ಸಮರಸವೇ ಜೀವನದ ಒಂದು ಭಾಗಕ್ಕೆ ಸಮುದ್ರಯಾನ ಎಂದೇ ಹೆಸರು. ಎರಡು ವರ್ಷದ ಅನುಭವವನ್ನು ಅವರು ಎರಡು ದಶಕ ಕಾಲ ಮತ್ತೆ ಮತ್ತೆ ತೆಗೆದು ನೋಡಿದರು.

ಮರಳಿದ ಮೇಲೆ

ಮರಳಿದ ಕೂಡಲೇ ಸೊಸೈಟಿಯು ಅವರನ್ನು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರನ್ನಾಗಿ ಮಾಡಿತು. ಮೂವತ್ತು ತುಂಬದ ಪ್ರಾಚಾರ್ಯರು! ಸಾಂಗಲಿ, ಗುಜರಾತಿನ ವಿಸನಗರ, ಕೊಲ್ಲಾಪುರದ ರಾಜಾರಾಮ ಕಾಲೇಜು, ಹೀಗೆ ಹದಿನಾಲ್ಕು ವರ್ಷಗಳ ಬಹುಪಾಲು ಕನ್ನಡ ನಾಡಿನ ಅಂಚಿನಲ್ಲಿಯೋ ಹೊರಗೋ ಕಳೆದು, 1952ರಲ್ಲಿ ಅವರು ತಾವು ಓದಿದ ಕರ್ನಾಟಕ ಕಾಲೇಜಿಗೆ ಪ್ರಾಚಾರ್ಯರಾಗಿ ಬಂದರು. ಎರಡು ವರ್ಷದ ನಂತರ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಪಾವಟೆಯವರು ಕುಲಪತಿಯಾಗಿ ಬಂದರು. ಕೇಂಬ್ರಿಜ್‌ನ ಗಣಿತಜ್ಞ ವಿಶ್ವವಿದ್ಯಾಲಯಕ್ಕೆ, ಆಕ್ಸ್‌ಫರ್ಡಿನ ಕವಿ ಕಾಲೇಜಿಗೆ ಮುಖ್ಯಸ್ಥರಾಗಿದ್ದ ಆ ಕೆಲವು ವರ್ಷಗಳನ್ನು ಹಳೆಯ ಧಾರವಾಡಿಗರು ಅಭಿಮಾನದಿಂದ ನೆನೆಯುತ್ತಿದ್ದರು. ಪಾವಟೆಯವರ ಹೆಸರಿನ ಪ್ರತಿಷ್ಠಾನದ ಮೂಲಕ ಇಲ್ಲಿನ ವಿದ್ವಾಂಸರು ಅವರು ಓದಿದ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಅಲ್ಪಾವಧಿಯ ಅಧ್ಯಯನಕ್ಕಾಗಿ ಹೋಗುವ ಏರ್ಪಾಡು ಮುಂದೆ ಆಯಿತು. ಗೋಕಾಕರ ಹೆಸರಿನಲ್ಲಿ ಆಕ್ಸ್‌ಫರ್ಡಿಗೆ ಅಂಥದೊಂದು ದಾರಿ ತೆರೆದಿದ್ದರೆ ಚೆನ್ನಾಗಿತ್ತು.

ಕವಿಯಾಗಿ ಅವರು 1950ರಲ್ಲಿ ನವ್ಯ ಕವಿತೆಗಳು ಎಂಬ ಸಂಕಲನ ಪ್ರಕಟಿಸಿ, ಕನ್ನಡ ಕಾವ್ಯ ಹೊಸ ಹಾದಿ ಹಿಡಿಯಬೇಕೆಂದು ವಾದಿಸಿದರು. ನವ್ಯ ಎಂಬ ಹೆಸರು ಚಲಾವಣೆಗೆ ಬಂದದ್ದು ಅವರಿಂದ. ಆದರೆ ಆ ಹಾದಿಯಲ್ಲಿ ದೂರ ನಡೆದವರು ಗೋಪಾಲಕೃಷ್ಣ ಅಡಿಗರು, ಮತ್ತು ಅವರ ಹಿಂದೆ ಬಂದ ತರುಣರು. ಆ ತರುಣರ ಕಣ್ಣಿಗೆ ಗೋಕಾಕರು ಹಳಬರಾಗಿ ಕಂಡರು. ಎಲಿಯಟ್‌ನ ರೀತಿಯನ್ನು ಅವರು ಒಪ್ಪಿದ್ದರು, ನಿರಾಶೆಯನ್ನು ಒಪ್ಪಿರಲಿಲ್ಲ. ಅರವಿಂದರ ದರ್ಶನದಲ್ಲಿ ನಂಬಿಕೆಯಿಟ್ಟ ಮನಸ್ಸಿಗೆ ಅದು ಸಾಧ್ಯವೂ ಇರಲಿಲ್ಲ. ಬಾಗಿಲು ತೆರೆದವರು ಹೊಸ್ತಿಲಲ್ಲಿಯೇ ನಿಂತರೆಂಬ ಟೀಕೆಯನ್ನು ಅವರು ಹೊರಬೇಕಾಯಿತು. ಟೀಕೆಯಲ್ಲಿ ಹುರುಳಿಲ್ಲದಿಲ್ಲ, ಆದರೆ ಬಾಗಿಲು ತೆರೆದವರಾರು ಎಂಬುದನ್ನು ಅದೂ ಅಲ್ಲಗಳೆಯುವುದಿಲ್ಲ.

1958ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1960ರಲ್ಲಿ ದ್ಯಾವಾಪೃಥಿವೀ ಕಾವ್ಯಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1961ರಲ್ಲಿ ಪದ್ಮಶ್ರೀ. ಇಷ್ಟರಲ್ಲಿ ಅವರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಭಾರತದಾದ್ಯಂತ ಇಂಗ್ಲಿಷ್ ಕಲಿಸುವ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆ ಅದು. 1966ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ಆಮೇಲೆ ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ. ಇಂಗ್ಲಿಷ್ ಶಿಕ್ಷಣದ ಪರವಾಗಿ ದೇಶದಲ್ಲಿ ಮಾತನಾಡಬಲ್ಲ ಅಧಿಕಾರಯುತ ಕಂಠಗಳಲ್ಲಿ ಅವರದೊಂದು.

ಅಂಥವರ ಕೈಗೆ 1980ರಲ್ಲಿ ಕರ್ನಾಟಕ ಸರಕಾರ ಒಂದು ಕಠಿಣ ಕೆಲಸ ಒಪ್ಪಿಸಿತು. ಆಗ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡ ಮಕ್ಕಳು ಕನ್ನಡ ಓದದೆಯೇ ಹೊರಬೀಳಬಹುದಾಗಿತ್ತು. ಸಂಸ್ಕೃತದಲ್ಲಿ ಅಂಕ ಸುಲಭವೆಂಬ ಕಾರಣಕ್ಕೆ ಹಾಗೆ ಆರಿಸುವವರೂ ಬಹಳ. ಇದರ ವಿರುದ್ಧ ಕೂಗು ಎದ್ದಾಗ ಭಾಷಾ ನೀತಿ ಕುರಿತು ಸಮಿತಿಯೊಂದನ್ನು ನೇಮಿಸಿ, ಗೋಕಾಕರನ್ನು ಅಧ್ಯಕ್ಷರನ್ನಾಗಿ ಮಾಡಲಾಯಿತು. 1981ರ ಜನವರಿ ಕೊನೆಯಲ್ಲಿ ವರದಿ ಸಲ್ಲಿಕೆಯಾಯಿತು. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕಗಳಿರಬೇಕು ಎಂಬುದು ಅದರ ತಿರುಳು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷಿಗೆ ಪ್ರಥಮ ವರ್ಗ ಪಡೆದವರು, ಬದುಕಿಡೀ ಇಂಗ್ಲಿಷ್ ಕಲಿಸಿ ಉಂಡವರು ಬರೆದ ಮಾತಾದ್ದರಿಂದಲೇ ಅದಕ್ಕೆ ಬೇರೆ ತೂಕ ಬಂತು. ಇಂಗ್ಲಿಷ್ ಬಾರದವರ ಅಸೂಯೆಯೆಂದು ಅದನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

ಸರಕಾರ ವರದಿಯನ್ನು ಕೂಡಲೇ ಜಾರಿಗೆ ತರಲಿಲ್ಲ. ಭಾಷಾ ಅಲ್ಪಸಂಖ್ಯಾತರು ತಮ್ಮ ಮಕ್ಕಳ ಪಾಡೇನೆಂದು ಕೇಳಿದರು, ಆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಧಾರವಾಡದ ಸಾಹಿತಿಗಳು, ಅಧ್ಯಾಪಕರು, ವಿದ್ಯಾರ್ಥಿಗಳು ಬೀದಿಗಿಳಿದರು. ಗೋಕಾಕ ಎಂಬುದು ಒಬ್ಬ ವ್ಯಕ್ತಿಯ ಹೆಸರಾಗಿ ಉಳಿಯದೆ ಒಂದು ಚಳವಳಿಯ ಹೆಸರಾಯಿತು. ಕವಿತೆ ಓದದವರ ಬಾಯಲ್ಲಿಯೂ ಆಡಿತು. 1982ರಲ್ಲಿ ನಟ ಡಾ. ರಾಜ್‌ಕುಮಾರ್ ಕೂಡಿಕೊಂಡ ಮೇಲೆ ಅದು ಇಡೀ ನಾಡಿನ ಚಳವಳಿಯಾಗಿ, ಅದೇ ವರ್ಷ ಸರಕಾರ ಕೆಲವು ಬದಲಾವಣೆಗಳೊಂದಿಗೆ ಆದೇಶ ಹೊರಡಿಸಿತು. ಆ ವಿವಾದ ಮುಂದೆ ನ್ಯಾಯಾಲಯಗಳ ಮೆಟ್ಟಿಲನ್ನೂ ಏರಿತು. ತರುಣ ಗೋಕಾಕರನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿದ ಬೇಂದ್ರೆಯವರು ಆ ಆದೇಶ ಕಾಣಲಿಲ್ಲ. 1981ರ ಅಕ್ಟೋಬರ್‌ನಲ್ಲಿ ತೀರಿಕೊಂಡಿದ್ದರು.

ಸುಮಾರು 35 ಸಾವಿರ ಸಾಲುಗಳ ಮಹಾಕಾವ್ಯ ಭಾರತ ಸಿಂಧು ರಶ್ಮಿ ಪ್ರಕಟವಾದದ್ದೂ ಈ ಗದ್ದಲದ ವರ್ಷಗಳಲ್ಲಿಯೇ. ವಿಶ್ವಾಮಿತ್ರನನ್ನು ನಡುವಿಗಿಟ್ಟು ವೇದಕಾಲದ ಕಥೆ ಹೇಳುವ ಅದನ್ನು ಪೂರ್ತಿ ಓದಿದವರು ಹೆಚ್ಚಿಲ್ಲ, ಹೊಗಳಿದವರು ಹೆಚ್ಚು. 1983ರಿಂದ ಅವರು ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 1990ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದಾಗ ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿಯವರ ನಂತರ ಅದನ್ನು ಪಡೆದ ಐದನೆಯ ಕನ್ನಡ ಲೇಖಕರಾದರು.

1992ರ ಏಪ್ರಿಲ್ 28ರಂದು ಗೋಕಾಕರು ನಿಧನರಾದರು. ಧಾರವಾಡದಲ್ಲಲ್ಲ, ಸವಣೂರಿನಲ್ಲಲ್ಲ, ಅವರ ಕಾಲದ ವಿದ್ಯಾರ್ಥಿಗಳು ವಿಲಾಯತಿಗೆ ಹಡಗು ಹತ್ತುತ್ತಿದ್ದ ಮುಂಬಯಿಯಲ್ಲಿ.